ಸೈನ್ಯದ ದಾದಿಯರ ಯೋಗ್ಯತೆ: ಫ್ಲಾರೆನ್ಸ್ ನೈಟಿಂಗೇಲಳ ಜೀವನದಿಂದ ಕಲಿಯತಕ್ಕ ಪಾಠ

ಸೈನ್ಯದ ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡುವ ದಾದಿಯರು ತಮ್ಮ ವಿದ್ಯೆಯ ಉನ್ನತ ಪದವಿಗಳಿಗೆ ಸೇರಬೇಕಾದರೆ ಅವರಲ್ಲಿ ಯಾವ ಯೋಗ್ಯತೆಯಿರಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕಚೇರಿಯ ಕಡತಗಳಿಗೆ ಮಾತ್ರ ಸೇರಿದ ಒಣ ವಿಷಯವಾಗಿ ಕಾಣುವುದು. ಅಂಕಗಳೆಷ್ಟು, ಅನುಭವವು ಎಷ್ಟು ವರ್ಷದ್ದು, ಯಾವ ಸರ್ಟಿಫಿಕೇಟು ಬೇಕು ಎಂಬಿವನ್ನು ಗುಮಾಸ್ತರು ನೋಡಿಕೊಳ್ಳಲಿ ಎಂದು ನಾವು ಸುಮ್ಮನಾಗುವುದುಂಟು. ಆದರೆ ಗಾಯಗೊಂಡು ಮಲಗಿದ ಸಿಪಾಯಿಯ ಮಗ್ಗುಲಲ್ಲಿ ನಿಲ್ಲುವವಳು ಯಾರೆಂಬುದು ಕೊನೆಗೆ ನಿಶ್ಚಯವಾಗುವುದು ಈ ನಿಯಮಗಳಿಂದಲೇ. ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಮೊದಲು ಬಲವಾಗಿ ಎತ್ತಿ, ಅದಕ್ಕಾಗಿ ಅರ್ಧ ಶತಮಾನ ದುಡಿದವಳು ಫ್ಲಾರೆನ್ಸ್ ನೈಟಿಂಗೇಲ್. ಕೈಯಲ್ಲಿ ದೀಪ ಹಿಡಿದು ರಾತ್ರಿಯೆಲ್ಲ ರೋಗಿಗಳ ನಡುವೆ ಸುತ್ತಿದ ಕರುಣಾಮಯಿಯೆಂದು ಆಕೆಯನ್ನು ನಾವೆಲ್ಲರೂ ಶಾಲೆಯ ಪುಸ್ತಕಗಳಲ್ಲಿ ಓದಿರುವೆವು. ಆದರೆ ಆ ದೀಪದ ಪ್ರಭೆಯಲ್ಲಿ ಆಕೆಯ ಇನ್ನೊಂದು ಕಾರ್ಯವು ಮರೆಯಾಗಿಹೋಗಿದೆ. ದಾದಿಯ ವೃತ್ತಿಯ ಹೆಬ್ಬಾಗಿಲಲ್ಲಿ ನಿಂತು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ವಿಚಾರಿಸಿದವಳೂ ಆಕೆಯೇ.

ನೈಟಿಂಗೇಲಳು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಆ ಊರಿನ ಹೆಸರೇ ಆಕೆಯ ಹೆಸರಾಯಿತು. ತಂದೆ ಇಂಗ್ಲೆಂಡಿನ ಸ್ಥಿತಿವಂತ ಜಮೀನುದಾರನು. ವಿದ್ಯಾಪ್ರಿಯನಾದ ಆತನು ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕಲಿಸಿದನು. ಕಿರಿಯಳಾದ ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷವಾದ ಆಸಕ್ತಿ. ಹದಿನೇಳನೆಯ ವಯಸ್ಸಿನಲ್ಲಿಯೇ ಈಕೆಗೆ ತನ್ನನ್ನು ದೇವರು ಯಾವುದೋ ಸೇವೆಗೆ ಕರೆಯುತ್ತಿರುವನೆಂಬ ಭಾವನೆ ಉಂಟಾಯಿತು. ಆ ಸೇವೆಯು ರೋಗಿಗಳ ಶುಶ್ರೂಷೆಯೆಂದು ಆಕೆಗೆ ಸ್ಪಷ್ಟವಾಗಲು ಕೆಲವು ವರ್ಷಗಳು ಹಿಡಿದವು.

ಅಂದಿನ ಇಂಗ್ಲೆಂಡಿನಲ್ಲಿ ದಾದಿಯೆಂದರೆ ಬೇರಾವ ಕೆಲಸವೂ ಸಿಕ್ಕದ ಹೆಂಗಸು ಎಂಬ ತಾತ್ಸಾರವಿದ್ದಿತು. ಅನೇಕರು ಕುಡುಕಿಯರೆಂಬ ಅಪಖ್ಯಾತಿಯೂ ಇದ್ದಿತು. ಅವರನ್ನು ಗೊತ್ತುಮಾಡಿಕೊಳ್ಳುವಾಗ ಯಾವ ವಿದ್ಯೆಯನ್ನೂ ಯಾರೂ ಕೇಳುತ್ತಿರಲಿಲ್ಲ. 1845ರಲ್ಲಿ ಫ್ಲಾರೆನ್ಸಳು ಸಾಲ್ಸ್‌ಬರಿ ಊರಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳಿದ್ದು ಕಲಿಯುವೆನೆಂದಾಗ ತಾಯಿತಂದೆಗಳು ಹೌಹಾರಿ ಆ ಮಾತನ್ನು ಅಲ್ಲಿಯೇ ಅಡಗಿಸಿದರು. ಈ ವೃತ್ತಿಯ ಬಾಗಿಲು ಆಕೆಗೆ ಮೊದಲ ಸಾರಿ ಮುಚ್ಚಿದುದು ಹೀಗೆ, ತನ್ನ ಮನೆಯಲ್ಲಿಯೇ. ಆಕೆ ಸೋಲಲಿಲ್ಲ. ಸರ್ಕಾರದ ಆರೋಗ್ಯ ವರದಿಗಳನ್ನೂ ಆಸ್ಪತ್ರೆಗಳ ಅಂಕಿಅಂಶಗಳನ್ನೂ ತರಿಸಿಕೊಂಡು, ಮನೆಯವರು ಏಳುವುದಕ್ಕೆ ಮುಂಚೆ ಬೆಳಗಿನ ಜಾವದಲ್ಲಿ ಓದಿದಳು. ಬಹುಕಾಲ ತನ್ನನ್ನು ಪ್ರೀತಿಸಿದ ಸುಸಂಸ್ಕೃತನೊಬ್ಬನು ವಿವಾಹಕ್ಕೆ ಕೇಳಿದಾಗ, ಸಂಸಾರವೂ ಈ ಸೇವೆಯೂ ಒಟ್ಟಿಗೆ ನಡೆಯಲಾರವೆಂದು 1849ರಲ್ಲಿ ಒಲ್ಲೆನೆಂದಳು. ಕೊನೆಗೆ 1851ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಜರ್ಮನಿಯ ರೈನ್ ನದಿಯ ತೀರದ ಕೈಸರ್ಸ್‌ವೆರ್ತ್ ಎಂಬಲ್ಲಿನ ಸೇವಾಶ್ರಮದಲ್ಲಿ ಮೂರು ತಿಂಗಳು ಶಿಕ್ಷಣ ಪಡೆದಳು.

1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ಬಡತನಕ್ಕೆ ಬಿದ್ದ ಮರ್ಯಾದಸ್ಥ ಸ್ತ್ರೀಯರ ಚಿಕಿತ್ಸಾಲಯವೊಂದರ ಮೇಲ್ವಿಚಾರಣೆ ಆಕೆಗೆ ದೊರೆಯಿತು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬುದು ಅಲ್ಲಿನ ಕಮಿಟಿಯವರ ಅಭಿಪ್ರಾಯ. ಕ್ಯಾಥೊಲಿಕರನ್ನೂ ಯೆಹೂದ್ಯರನ್ನೂ ಸೇರಿಸುವುದಾದರೆ ಮಾತ್ರ ತಾನು ಕೆಲಸದಲ್ಲಿರುವೆನೆಂದು ಆಕೆ ಹಟಹಿಡಿದು ಗೆದ್ದಳು. ರೋಗಕ್ಕೆ ಮತವಿಲ್ಲವೆಂಬುದು ಆಕೆಯ ಮೊದಲ ನಿಯಮವಾಯಿತು.

ಮರುವರ್ಷವೇ ಕ್ರಿಮಿಯಾ ಯುದ್ಧವು ಬಂದಿತು. ಗಾಯಗೊಂಡ ಆಂಗ್ಲ ಸಿಪಾಯಿಗಳು ತುರ್ಕಿಯ ಸ್ಕುಟಾರಿಯಲ್ಲಿ ಅನಾಥರಂತೆ ಬಿದ್ದಿರುವರೆಂದು ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಬಾತ್ಮಿಗಳಿಂದ ದೇಶವೆಲ್ಲ ಕ್ಷೋಭೆಗೊಂಡಿತು. ಯುದ್ಧಖಾತೆಯ ಸಿಡ್ನಿ ಹರ್ಬರ್ಟನು ನೈಟಿಂಗೇಲಳನ್ನು ಕರೆದನು. ಸೈನ್ಯದ ದಾದಿಯರ ಆಯ್ಕೆಯೆಂಬ ಪ್ರಶ್ನೆ ಹುಟ್ಟಿದುದು ಆಗಲೇ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಸಂಬಳವೊಂದೇ ಗುರಿಯಾಗಿತ್ತು. ಕೆಲಸ ಬಲ್ಲವರು ವಿರಳವಾಗಿದ್ದರು. ಅಂತೂ ಆಸ್ಪತ್ರೆಗಳಲ್ಲಿ ದುಡಿದ 14 ಮಂದಿ, ಕ್ಯಾಥೊಲಿಕ್ ಸಂನ್ಯಾಸಿನಿಯರು 10, ಪ್ರಾಟೆಸ್ಟೆಂಟ್ ಸೇವಾಸಂಘಗಳವರು 14, ಹೀಗೆ 38 ಮಂದಿಯನ್ನು ಕೂಡಿಸಿಕೊಂಡು ಆಕೆ 1854ರ ಅಕ್ಟೋಬರ್ 21ರಂದು ಹೊರಟಳು.

ಸ್ಕುಟಾರಿಯಲ್ಲಿ ಇನ್ನೊಂದು ಬಾಗಿಲು ಮುಚ್ಚಿದ್ದಿತು. ಸೈನ್ಯದ ವೈದ್ಯರು ಈ ಹೆಂಗಸರನ್ನು ವಾರ್ಡುಗಳೊಳಗೆ ಬಿಡಲು ಒಪ್ಪಲಿಲ್ಲ. ನೈಟಿಂಗೇಲಳು ಜಗಳವಾಡಲಿಲ್ಲ, ವೈದ್ಯರ ಅಪ್ಪಣೆಯಿಲ್ಲದೆ ಒಬ್ಬ ದಾದಿಯೂ ರೋಗಿಯನ್ನು ಮುಟ್ಟಕೂಡದೆಂದು ಕಟ್ಟುಮಾಡಿ, ಎಲ್ಲರನ್ನೂ ಬಟ್ಟೆ ಹೊಲಿಯಲು ಕೂರಿಸಿದಳು. ಕೆಲವೇ ದಿನಗಳಲ್ಲಿ ಹಡಗುಗಟ್ಟಲೆ ಗಾಯಾಳುಗಳು ಬಂದಿಳಿದಾಗ ವೈದ್ಯರೇ ಬಂದು ಕರೆದರು. ಆ ಬಳಿಕ ಆಕೆಯ ಶಿಸ್ತು ತನ್ನವರ ಮೇಲೆಯೇ ತಿರುಗಿತು. ಕುಡಿದವರನ್ನೂ ಆಜ್ಞೆ ಮೀರಿದವರನ್ನೂ ಮುಲಾಜಿಲ್ಲದೆ ಊರಿಗೆ ಕಳುಹಿಸಿದಳು. ಡಿಸೆಂಬರಿನಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯ ಎರಡನೆಯ ತಂಡವು ಆಕೆಯನ್ನು ಕೇಳದೆಯೇ ಬಂದಾಗ ಕಟುವಾಗಿ ಪ್ರತಿಭಟಿಸಿದಳು. ಅವರಲ್ಲಿ ಅನೇಕರಿಗೆ ಭಕ್ತಿಯಿದ್ದಿತು, ದೊಡ್ಡ ಮನೆತನವಿದ್ದಿತು, ಶುಶ್ರೂಷೆಯ ಶಿಕ್ಷಣವಿರಲಿಲ್ಲ. ಭಕ್ತಿಯೊಂದೇ ಗಾಯವನ್ನು ಕಟ್ಟಲಾರದೆಂದು ಆಕೆ ತಿಳಿದಿದ್ದಳು.

ಆಕೆ ಇನ್ನೂ ಒಂದು ಕಠಿನವಾದ ಪಾಠವನ್ನು ಕಲಿಯಬೇಕಾಗಿತ್ತು. ದಾದಿಯರು ಹಗಲಿರುಳು ದುಡಿದರೂ ಸ್ಕುಟಾರಿಯಲ್ಲಿ ಸಾವು ಏರುತ್ತಲೇ ಹೋಗಿ, 1855ರ ಫೆಬ್ರವರಿಯಲ್ಲಿ ಸೇರಿದ ರೋಗಿಗಳಲ್ಲಿ ನೂರಕ್ಕೆ 42ರಷ್ಟು ಮಂದಿ ಮಡಿದರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಆಸ್ಪತ್ರೆಯ ಅಡಿಯಲ್ಲಿ ಕೊಳೆಯುತ್ತಿದ್ದ ಚರಂಡಿಗಳನ್ನು ತೊಳೆಸಿ, ನೀರನ್ನೂ ಗಾಳಿಯ ಸಂಚಾರವನ್ನೂ ಸರಿಪಡಿಸಿದ ಮೇಲೆ, ಜೂನಿನ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. 1856ರಲ್ಲಿ ಊರಿಗೆ ಮರಳಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನ ನೆರವಿನಿಂದ ಲೆಕ್ಕಗಳನ್ನು ಬಿಡಿಸಿದಾಗಲೇ ಇದರ ಪೂರ್ಣಾರ್ಥವು ಆಕೆಗೆ ಹೊಳೆಯಿತು. ತನ್ನ ಕಣ್ಣೆದುರಿಗೆ ಸತ್ತವರಲ್ಲಿ ಬಹುಮಂದಿ ಶತ್ರುವಿನ ಗುಂಡಿಗಲ್ಲ, ಆಸ್ಪತ್ರೆಯ ಹೊಲಸಿಗೆ ಬಲಿಯಾದವರು! ದೇಶವು ತನ್ನನ್ನು ದೇವತೆಯೆಂದು ಹೊಗಳುತ್ತಿದ್ದಾಗ ಆಕೆ ಈ ಸತ್ಯವನ್ನು ಬಚ್ಚಿಡಲಿಲ್ಲ. ಚಿತ್ರಪಟಗಳನ್ನು ರಚಿಸಿ ಸರ್ಕಾರದ ಮುಂದಿಟ್ಟಳು. ಕರುಣೆಗೆ ಜ್ಞಾನದ ಕಣ್ಣಿಲ್ಲದಿದ್ದರೆ ಅದು ಕುರುಡೆಂದು ಆ ಅಂಕಿಗಳು ಸಾರಿದವು. ಸೈನ್ಯದ ವೈದ್ಯರಿಗಾಗಿ 1860ರಲ್ಲಿ ಚಾಥಮಿನಲ್ಲಿ ಪ್ರತ್ಯೇಕ ವಿದ್ಯಾಲಯವು ಸ್ಥಾಪಿತವಾದುದಕ್ಕೂ ಆಕೆಯ ಒತ್ತಾಯವೇ ಮುಖ್ಯ ಕಾರಣ.

ಅದೇ 1860ರಲ್ಲಿ, ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ ಸುಮಾರು 44,000 ಪೌಂಡುಗಳ ನಿಧಿಯಿಂದ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು 15 ವಿದ್ಯಾರ್ಥಿನಿಯರಿಂದ ಆರಂಭವಾಯಿತು. ಪ್ರವೇಶಕ್ಕೆ ವಯಸ್ಸು 25ರಿಂದ 35ರೊಳಗಿರಬೇಕು. ಆರೋಗ್ಯಕ್ಕೂ ನಡತೆಗೂ ಸರ್ಟಿಫಿಕೇಟು ಬೇಕು. ಒಂದು ವರ್ಷದ ಶಿಕ್ಷಣ. ಊಟ, ವಸತಿ, ಸಮವಸ್ತ್ರಗಳೊಡನೆ ವರ್ಷಕ್ಕೆ 10 ಪೌಂಡು ವೇತನ. ಒಳಗೆ ಸೇರಿದ ಮೇಲೂ ಪರೀಕ್ಷೆ ಮುಗಿಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುವಳೋ, ನಂಬಿಕೆಗೆ ಅರ್ಹಳೋ, ಶುಚಿಯಾಗಿರುವಳೋ, ಗಾಯ ಕಟ್ಟಬಲ್ಲಳೋ, ರೋಗಿಯ ಸ್ಥಿತಿಯನ್ನು ಗಮನಿಸಿ ವೈದ್ಯನಿಗೆ ತಿಳಿಸಬಲ್ಲಳೋ ಎಂದು ತಿಂಗಳು ತಿಂಗಳಿಗೆ ಪ್ರತಿಯೊಬ್ಬಳ ವಿಷಯವಾಗಿಯೂ ಪಟ್ಟಿ ಬರೆದಿಡುತ್ತಿದ್ದರು. ವಿದ್ಯೆಯ ಪುಟವೂ ನಡತೆಯ ಪುಟವೂ ಒಂದೇ ಪುಸ್ತಕದಲ್ಲಿದ್ದುವು. ಈ ಶಾಲೆಯಲ್ಲಿ ಕಲಿತ ಜೇನ್ ಡೀಬಲ್ ಎಂಬ ವಿಧವೆಯು 1869ರಲ್ಲಿ ನೆಟ್ಲಿಯ ಸೈನಿಕ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ, 1879ರ ಜುಲು ಯುದ್ಧಕ್ಕೂ ದಾದಿಯರನ್ನು ಕರೆದೊಯ್ದಳು. ರಣಭೂಮಿಗೆ ಹೋಗುವವಳು ಮೊದಲು ಆಸ್ಪತ್ರೆಯಲ್ಲಿ ಕಲಿತಿರಬೇಕೆಂಬ ಪದ್ಧತಿ ಹೀಗೆ ಬೇರೂರಿತು.

ನಮ್ಮ ದೇಶಕ್ಕೂ ಆಕೆಗೂ ಇರುವ ಸಂಬಂಧವು ಅಲ್ಪವಾದುದಲ್ಲ. ಭಾರತದ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ, ಇಲ್ಲಿನ ದಂಡುಗಳಿಂದೆಲ್ಲ ಬಂದ ಉತ್ತರಗಳ ರಾಶಿಯನ್ನು ಆಕೆ ರೋಗಶಯ್ಯೆಯಲ್ಲಿದ್ದುಕೊಂಡೇ ಓದಿ ಟಿಪ್ಪಣಿ ಬರೆದಳು. ಬೆಂಗಳೂರು ದಂಡಿನವರು ಕುಡಿಯುವ ಹಲಸೂರು ಕೆರೆಗೆ ಬಜಾರಿನ ಚರಂಡಿ ಹರಿದು ಸೇರುತ್ತಿದ್ದುದೂ ಆಕೆಯ ಕಣ್ಣಿಗೆ ಬೀಳದೆ ಇರಲಿಲ್ಲ. ಇಲ್ಲಿನ ಆಂಗ್ಲ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿರುವರೆಂದು 1863ರ ವರದಿಯಿಂದ ಹೊರಬಿದ್ದಿತು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಶಿಕ್ಷಣ ಹೊಂದಿದ ಹತ್ತು ಮಂದಿ ದಾದಿಯರು ಇಲ್ಲಿನ ಸೈನಿಕ ಆಸ್ಪತ್ರೆಗಳಿಗಾಗಿ ಮುಂಬಯಿಗೆ ಬಂದಿಳಿದುದು 1888ರಲ್ಲಿ. ಇಂದಿನ ಭಾರತೀಯ ಸೈನಿಕ ಶುಶ್ರೂಷಾ ಸೇವೆಯ ಮೂಲವನ್ನು ಆ ಘಟನೆಯಲ್ಲಿ ಗುರುತಿಸುವುದುಂಟು.

ಮಹಾತ್ಮರ ಚರಿತ್ರೆಯನ್ನು ಬರೆಯುವಾಗ ಅವರ ಕುಂದುಗಳನ್ನು ಮುಚ್ಚುವುದು ಗೌರವವಲ್ಲ. 1887ರಿಂದ ಇಂಗ್ಲೆಂಡಿನ ದಾದಿಯರಲ್ಲಿ ಒಂದು ಪಕ್ಷದವರು, ಗೊತ್ತಾದ ಶಿಕ್ಷಣವನ್ನೂ ಪರೀಕ್ಷೆಯನ್ನೂ ಮುಗಿಸಿದವರ ಹೆಸರುಗಳನ್ನು ಸರ್ಕಾರಿ ಪಟ್ಟಿಯಲ್ಲಿ ನೊಂದಾಯಿಸಬೇಕೆಂದು ಚಳವಳಿ ಹೂಡಿದಾಗ ನೈಟಿಂಗೇಲಳು ಅದನ್ನು ಬಲವಾಗಿ ವಿರೋಧಿಸಿದಳು. ಪರೀಕ್ಷೆಯು ನೆನಪನ್ನು ಅಳೆಯಬಲ್ಲದೇ ಹೊರತು ಶೀಲವನ್ನು ಅಳೆಯಲಾರದೆಂಬುದು ಆಕೆಯ ವಾದ. ವಾದವು ಸತ್ಯವೇ, ಆದರೆ ಅರ್ಧಸತ್ಯ. ಬರೆದಿಟ್ಟ ನಿಯಮವಿಲ್ಲದ ಕಡೆ ಆಯ್ಕೆಯು ಆಯ್ಕೆ ಮಾಡುವವರ ಮರ್ಜಿಗೆ ಬೀಳುವುದು. ಇದಕ್ಕೆ ನಿದರ್ಶನವು ಕ್ರಿಮಿಯಾ ಯುದ್ಧಕಾಲದಲ್ಲಿಯೇ ಇದೆ. ಕಾಲರಾ, ಹಳದಿ ಜ್ವರಗಳಲ್ಲಿ ಶುಶ್ರೂಷೆ ಮಾಡಿ ನುರಿತಿದ್ದ ಜಮೈಕಾ ದ್ವೀಪದ ಮೇರಿ ಸೀಕೋಲಳು 1854ರಲ್ಲಿ ಲಂಡನ್ನಿಗೆ ಬಂದು ಕಚೇರಿಯಿಂದ ಕಚೇರಿಗೆ ಅಲೆದರೂ ಆಕೆಯನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ತನ್ನ ಮೈಬಣ್ಣವೇ ಅಡ್ಡಬಂದಿತೇ ಎಂಬ ಸಂಶಯವು ಆಕೆಯನ್ನು ಬಾಧಿಸಿತು. ನೈಟಿಂಗೇಲಳು ಆಗಲೇ ಹೊರಟುಹೋಗಿದ್ದುದರಿಂದ ಈ ನಿರಾಕರಣೆಯನ್ನು ಆಕೆಯ ಮೇಲೆ ಹೊರಿಸಲಾಗದು. ಸೀಕೋಲಳು ಸ್ವಂತ ಖರ್ಚಿನಿಂದ ಕ್ರಿಮಿಯಾಕ್ಕೆ ಹೋಗಿ ಬಾಲಕ್ಲಾವದ ಬಳಿ ಸಿಪಾಯಿಗಳ ಸೇವೆ ಮಾಡಿದಳು. ನಡತೆ, ಮನೆತನಗಳ ಹೆಸರಿನಲ್ಲಿ ಬಾಗಿಲು ಕಾಯುವವರು ಎಂತಹ ಅನುಭವವನ್ನು ಹೊರಗಿಡಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೈಟಿಂಗೇಲಳಿಗೆ ಮುಪ್ಪಿನಲ್ಲಿ ದೃಷ್ಟಿ ಹೋಯಿತು. 1907ರಲ್ಲಿ ದೊರೆಯು ಆರ್ಡರ್ ಆಫ್ ಮೆರಿಟ್ ಬಿರುದನ್ನಿತ್ತನು. ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಆಕೆಯೇ ಮೊದಲಿಗಳು. 1910ರ ಆಗಸ್ಟ್ 13ರಂದು, ತೊಂಬತ್ತರ ಪ್ರಾಯದಲ್ಲಿ, ಆಕೆ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಹೂಳುವ ಗೌರವವನ್ನು ಕುಟುಂಬದವರು ಒಲ್ಲೆವೆಂದು, ಹಳ್ಳಿಯ ಚರ್ಚಿನ ಅಂಗಳದಲ್ಲಿ ತಾಯಿತಂದೆಗಳ ಬಳಿ ಮಣ್ಣುಮಾಡಿದರು. ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರಿನ ಬದಲು ಮೊದಲಕ್ಷರಗಳಿವೆ. ಆಕೆ ವಿರೋಧಿಸಿದ್ದ ನೊಂದಣಿಯ ಕಾನೂನು 1919ರಲ್ಲಿ ಜಾರಿಗೆ ಬಂದಿತು.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಶುಶ್ರೂಷೆಯ ಬಿ.ಎಸ್ಸಿ. ಪದವಿಯೂ, 1959ರಲ್ಲಿ ದೆಹಲಿಯಲ್ಲಿ ಎಂ.ಎಸ್ಸಿ. ಪದವಿಯೂ ಪ್ರಾರಂಭವಾದುವು. ಒಂದು ಕಾಲಕ್ಕೆ ಹಲಸೂರು ಕೆರೆಯ ಹೊಲಸು ನೀರನ್ನು ದಂಡು ಕುಡಿಯುತ್ತಿದ್ದ ಬೆಂಗಳೂರಿನಲ್ಲಿಯೇ ಇಂದು ವಾಯುಸೇನೆಯ ಕಮಾಂಡ್ ಆಸ್ಪತ್ರೆಯಲ್ಲಿ ಶುಶ್ರೂಷಾ ಕಾಲೇಜು ಇದೆ. ಎಂ.ಎಸ್ಸಿ.ಗೆ ಸೇರಬಯಸುವವಳಿಂದ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮಗಳು ಬಿ.ಎಸ್ಸಿ. ಪದವಿ, ನೊಂದಣಿ, ನೂರಕ್ಕೆ 55 ಅಂಕ, ಇವುಗಳ ಜೊತೆಗೆ ಒಂದು ವರ್ಷದ ಕೆಲಸದ ಅನುಭವವನ್ನೂ ಕೇಳುತ್ತ ಬಂದಿವೆ. ಪದವಿ, ಅಂಕ, ನೊಂದಣಿಗಳು ನೈಟಿಂಗೇಲಳ ಪ್ರತಿಪಕ್ಷದವರ ಬೇಡಿಕೆ; ಅನುಭವವು ನೈಟಿಂಗೇಲಳ ಬೇಡಿಕೆ. ಅಂದು ಹೋರಾಡಿದ ಎರಡು ಪಕ್ಷಗಳು ಇಂದು ಒಂದೇ ಅರ್ಜಿಯಲ್ಲಿ ಸೇರಿರುವುದು ಶುಭಸೂಚನೆಯೇ ಸರಿ.

ಆದರೆ ಆ ಅನುಭವವನ್ನು ಕೇವಲ ಒಂದು ಸರ್ಟಿಫಿಕೇಟಾಗಿ ಎಣಿಸಿದರೆ ಸಾಲದು. ಹಿಮದ ಗಡಿಯಲ್ಲಿಯೋ ಯುದ್ಧಕಾಲದ ಆಸ್ಪತ್ರೆಯಲ್ಲಿಯೋ ಹತ್ತು ವರ್ಷ ದುಡಿದವಳ ಕೈಯನ್ನೂ, ಕಷ್ಟದಿಂದ ಹನ್ನೆರಡು ತಿಂಗಳು ತುಂಬಿಸಿದವಳ ಕೈಯನ್ನೂ ಒಂದೇ ತಕ್ಕಡಿಯಲ್ಲಿ ಒಂದೇ ತೂಕವೆಂದು ಬರೆಯುವುದು ನ್ಯಾಯವಲ್ಲ. ಅಂಕದ ಮಟ್ಟವನ್ನು ತಗ್ಗಿಸಬೇಕೆಂದು ನಾವು ಹೇಳುವುದಿಲ್ಲ. ಸ್ಕುಟಾರಿಯ ಲೆಕ್ಕವನ್ನು ಬಲ್ಲವರಾರೂ ಹಾಗೆ ಹೇಳಲಾರರು. ಅಂಕವಿರುವವರ ನಡುವೆ ಸೇವೆಗೆ ಹೆಚ್ಚಿನ ಬೆಲೆ ಬರಲಿ ಎಂಬುದಷ್ಟೇ ನಮ್ಮ ಮಾತು. ಯೋಗ್ಯತೆಗೆ ಸಂಬಂಧಿಸದ ಅಡ್ಡಿಗಳಾದರೋ ಸಂಪೂರ್ಣವಾಗಿ ತೊಲಗಬೇಕು. ಸೈನಿಕ ಶುಶ್ರೂಷಾ ಸೇವೆಯಲ್ಲಿದ್ದ ಅಧಿಕಾರಿಣಿಯೊಬ್ಬಳನ್ನು ವಿವಾಹವಾದಳೆಂಬ ಕಾರಣದಿಂದ 1988ರಲ್ಲಿ ಕೆಲಸದಿಂದ ತೆಗೆದುಹಾಕಿದ್ದು ಅನ್ಯಾಯವೆಂದು ಸುಪ್ರೀಂ ಕೋರ್ಟು 2024ರಲ್ಲಿ ತೀರ್ಪಿತ್ತಿತು. ಆ ನಿಯಮವು 1995ರಲ್ಲಿಯೇ ರದ್ದಾಗಿತ್ತು. ವಿವಾಹವನ್ನು ತ್ಯಜಿಸಿದುದು ನೈಟಿಂಗೇಲಳ ಸ್ವಂತ ಇಚ್ಛೆ. ಅದನ್ನು ಇತರರ ಮೇಲೆ ಕಟ್ಟಳೆಯಾಗಿ ಹೇರುವ ಅಧಿಕಾರವು ಯಾವ ಸರ್ಕಾರಕ್ಕೂ ಇಲ್ಲ.

ದಾದಿಗೆ ಏನು ತಿಳಿದಿದೆ, ರೋಗಿಯ ಬಳಿ ಆಕೆ ಹೇಗೆ ನಡೆದುಕೊಳ್ಳುವಳು ಎಂಬ ಎರಡು ಪ್ರಶ್ನೆಗಳನ್ನು ಬಾಗಿಲಲ್ಲಿ ನಿಂತವರು ತಪ್ಪದೆ ಕೇಳಲಿ. ಜಾತಿ, ಮತ, ಬಣ್ಣ, ಮನೆತನ, ಮಾಂಗಲ್ಯ ಇವುಗಳ ಗೊಡವೆ ಅವರಿಗೆ ಬೇಡ. ದೇಶಕ್ಕಾಗಿ ಗಾಯಗೊಂಡು ಮಲಗಿದವನಿಗೆ ಬೇಕಾದುದು ಬಲ್ಲ ಕೈ. ಆ ಕೈಯನ್ನು ಹೊರಗೆ ನಿಲ್ಲಿಸುವ ನಿಯಮವು ಎಷ್ಟೇ ಹಳೆಯದಾಗಿರಲಿ, ಅದಕ್ಕೆ ಆಯುಷ್ಯವಿರಬಾರದು.