ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಳಗಿನ ಸವಾರಿ

ಬೆಳಗ್ಗೆ ಬೇಗ ಏಳಬೇಕು ಎಂದು ಮನೆಯಲ್ಲಿ ಹಿರಿಯರು, ಕಾಲೇಜಿನಲ್ಲಿ ಉಪನ್ಯಾಸಕರು ಹೇಳುತ್ತಲೇ ಇರುತ್ತಾರೆ. ಆರೋಗ್ಯ ಚೆನ್ನಾಗಿರುತ್ತದೆ, ಓದಿದ್ದು ನೆನಪಿರುತ್ತದೆ ಎಂಬ ಲಾಭಗಳು ನಮಗೆಲ್ಲ ಬಾಯಿಪಾಠ. ಆದರೆ ಎದ್ದ ಮೇಲೆ ಏನು ಮಾಡಬೇಕು? ಫಜರ್ ನಮಾಜ್ ಮುಗಿಸಿ ಮತ್ತೆ ಹೊದಿಕೆ ಎಳೆದುಕೊಂಡು ಮಲಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬೆಳಗಿನ ಹೊತ್ತನ್ನು ನಿಜವಾಗಿ ಕೆಲಸಕ್ಕೆ ಬಳಸಿಕೊಂಡವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆಗಳನ್ನು ತಂದು ಮಾರುತ್ತಿದ್ದ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ಮಿರ್ಜಾ ಅವರು ಚಿಕ್ಕವರಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆಯಲ್ಲೇ ಕುಳಿತು ಪಾಠ ಕಲಿತರು. ಇಬ್ಬರಿಗೂ ಒಂದೇ ವರ್ಷ ಹೆಚ್ಚುಕಡಿಮೆ ವಯಸ್ಸು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರು. ಮುಂದೆ ಮಹಾರಾಜರ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಹದಿನೈದು ವರ್ಷ ಆ ಹುದ್ದೆಯಲ್ಲಿದ್ದರು.

ದಿವಾನರೆಂದರೆ ಕಚೇರಿಯಲ್ಲಿ ಕುಳಿತು ಕಡತ ತರಿಸಿಕೊಂಡು ನೋಡಬಹುದಿತ್ತು. ಮಿರ್ಜಾ ಅವರು ಬೆಳಗ್ಗೆಯೇ ಕುದುರೆ ಹತ್ತಿ ಊರು ಸುತ್ತಲು ಹೊರಡುತ್ತಿದ್ದರು. ಎಲ್ಲಿ ಕಸ ಬಿದ್ದಿದೆ, ಯಾವ ಚರಂಡಿ ಕಟ್ಟಿಕೊಂಡಿದೆ, ಯಾವ ಕಟ್ಟಡದ ಕೆಲಸ ನಿಂತಿದೆ ಎಂದು ತಾವೇ ನೋಡುತ್ತಿದ್ದರು. ಅಧಿಕಾರಿಗಳಿಗೆ ಇದರಿಂದ ಎಷ್ಟು ತಲೆನೋವಾಗಿರಬೇಕೋ!

ಇದು ನನಗೆ ಆಡಿಟರ್ ಕೆಲಸವನ್ನು ನೆನಪಿಸುತ್ತದೆ. ನಾಳೆ ಬರುತ್ತೇನೆ ಎಂದು ಹೇಳಿ ಬಂದರೆ ಗಲ್ಲಾಪೆಟ್ಟಿಗೆಯ ಹಣ ಪುಸ್ತಕಕ್ಕೆ ಸರಿಯಾಗಿಯೇ ಇರುತ್ತದೆ. ಹೇಳದೆ ಬಂದರೆ ಮಾತ್ರ ನಿಜ ಗೊತ್ತಾಗುತ್ತದೆ. ಊರೂ ಹಾಗೆಯೇ. ಹತ್ತು ಗಂಟೆಯ ಹೊತ್ತಿಗೆ ಕಸ ಗುಡಿಸಿ, ನೀರು ಚಿಮುಕಿಸಿ, ಎಲ್ಲ ಚೆಂದ ಮಾಡಿರುತ್ತಾರೆ. ಬೆಳಗ್ಗೆ ಆರಕ್ಕೆ ಊರು ಇದ್ದ ಹಾಗೇ ಇರುತ್ತದೆ. ನಮ್ಮ ಮಂಚೇನಹಳ್ಳಿಯಲ್ಲೂ ಡೇರಿಗೆ ಹಾಲು ತರುವವರಿಗೆ ಯಾವ ಬೀದಿದೀಪ ಉರಿಯುತ್ತಿಲ್ಲ ಎಂಬುದು ಗೊತ್ತು, ಎಂಟಕ್ಕೆ ಏಳುವ ನಮಗೆ ಗೊತ್ತಿಲ್ಲ.

ಅವರ ಕಾಲದಲ್ಲಿ ಆದ ಕೆಲಸಗಳು ಬಹಳ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ, ಬೆಂಗಳೂರಿನ ಪುರಭವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, 1940ರಲ್ಲಿ ವಿಮಾನ ಕಾರ್ಖಾನೆ. ಹಳ್ಳಿಗಳಿಗೆ ವಿದ್ಯುತ್ ಕೊಡುವುದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ನಮ್ಮ ನಂದಿ ಬೆಟ್ಟಕ್ಕೆ ವಿಶ್ರಾಂತಿಗೆ ಬಂದಾಗ ದಿವಾನರಾಗಿದ್ದವರೂ ಇವರೇ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಗೌರಿಬಿದನೂರು ಕಡೆಯವರು ಒಪ್ಪುವುದಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಕಡಿಮೆ, ಜನರ ಲೆಕ್ಕದಲ್ಲಿ 32. ಎರಡು ಪುಸ್ತಕ ಇವತ್ತಿಗೂ ತಾಳೆಯಾಗಿಲ್ಲ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಗುಂಡು ಹಾರಿಸಿದ್ದು ಅವರಲ್ಲ, ಆದರೆ ಸರ್ಕಾರ ಅವರದು. ಬೆಂಗಳೂರಿನ ಚರಂಡಿಯನ್ನು ಕಣ್ಣಾರೆ ನೋಡುತ್ತಿದ್ದವರಿಗೆ ನಮ್ಮ ತಾಲ್ಲೂಕಿನ ಜನರ ಮನಸ್ಸಿನಲ್ಲಿ ಏನಿದೆ ಎಂಬುದು ಕುದುರೆಯ ಮೇಲಿಂದ ಕಾಣಲಿಲ್ಲ ಎಂದು ನನಗನ್ನಿಸುತ್ತದೆ. ಅವರನ್ನು ಮೆಚ್ಚಿಕೊಂಡವರೂ ಇದನ್ನು ಬಿಟ್ಟು ಬರೆಯಬಾರದು.

ಆಮೇಲಾದರೂ ಅವರು ಹಟ ಹಿಡಿಯಲಿಲ್ಲ. ಗಾಂಧೀಜಿ ಕಳಿಸಿದ ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಮೈಸೂರಿಗೆ ಬಂದರು. ಮುಂದಿನ ತಿಂಗಳೇ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಇದನ್ನು ಮಿರ್ಜಾ–ಪಟೇಲ್ ಒಪ್ಪಂದ ಎನ್ನುತ್ತಾರೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ಅವರು ದಿವಾನಗಿರಿ ಬಿಟ್ಟರು. ನಂತರ ಜೈಪುರದಲ್ಲಿ ಪ್ರಧಾನಿಯಾಗಿ ಆ ಊರನ್ನು ಅಂದಗೊಳಿಸಿದರು, ಅಲ್ಲಿನ ದೊಡ್ಡ ರಸ್ತೆಗೆ ಈಗಲೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು. ಸ್ವಲ್ಪ ಕಾಲ ಹೈದರಾಬಾದಿನಲ್ಲೂ ಇದ್ದರು. ಕೊನೆಗೆ ಬೆಂಗಳೂರಿಗೇ ಮರಳಿ, 1959ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು.