ಕೆಲಸ ಬೇಡವೆಂದು ಓಡಲು ಹೊರಟಿದ್ದ ಲೈಬ್ರರಿಯನ್

ಆಗಸ್ಟ್ 12 ಬಂತೆಂದರೆ ನಮ್ಮ ಕಾಲೇಜುಗಳ ಲೈಬ್ರರಿಯಲ್ಲಿ ಕನ್ನಡಕ ಹಾಕಿದ ಹಿರಿಯರೊಬ್ಬರ ಫೋಟೊಗೆ ಹಾರ ಬೀಳುತ್ತದೆ. ಪ್ರಾಂಶುಪಾಲರು ಎರಡು ಮಾತಾಡುತ್ತಾರೆ, ಕಾಫಿ ಬಿಸ್ಕತ್ತು ಆಗುತ್ತದೆ, ಅಲ್ಲಿಗೆ ರಾಷ್ಟ್ರೀಯ ಗ್ರಂಥಪಾಲಕರ ದಿನ ಮುಗಿಯಿತು. ಎಸ್.ಆರ್. ರಂಗನಾಥನ್, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ, ಪಂಚಸೂತ್ರಗಳ ಕರ್ತೃ. ಐದು ಅಂಕದ ಟಿಪ್ಪಣಿಗೆ ಇಷ್ಟು ಸಾಕು. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತಿರುವ ನಾನೂ ಬಹಳ ದಿನ ಇಷ್ಟನ್ನೇ ಬರೆದು ಅಂಕ ತೆಗೆದವನು. ಆದರೆ ಆ ಭಾಷಣಗಳಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಈ ಪಿತಾಮಹರು ಲೈಬ್ರರಿಯನ್ ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ, ತನಗೆ ಈ ಕೆಲಸ ಬೇಡವೇ ಬೇಡ, ಪಾಠ ಮಾಡಲು ವಾಪಸ್ ಕಳಿಸಿ ಎಂದು ದುಂಬಾಲು ಬಿದ್ದಿದ್ದರು.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶೀರ್ಕಾಳಿಯಲ್ಲಿ. ತಂದೆ ರಾಮಾಮೃತ ಅಯ್ಯರ್ ರಾಮಾಯಣ ಪ್ರವಚನ ಮಾಡುತ್ತಿದ್ದವರು, ಮಗನಿಗೆ ಆರು ವರ್ಷವಾದಾಗಲೇ ತೀರಿಕೊಂಡರು. ಹುಡುಗನಿಗೆ ಮಾತಿನಲ್ಲಿ ಉಗ್ಗು ಬೇರೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ 1916ರಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಮೇಷ್ಟ್ರು ಸಿಕ್ಕಿದರು. ಈ ಮೇಷ್ಟ್ರು ಕಥೆಯಲ್ಲಿ ಮತ್ತೆ ಬರುತ್ತಾರೆ, ಹೆಸರು ನೆನಪಿಟ್ಟುಕೊಳ್ಳಿ.

ಉಗ್ಗು ಇರುವವರು ಆರಿಸಿಕೊಳ್ಳಬಾರದ ಕೆಲಸ ಯಾವುದು ಎಂದು ಕೇಳಿದರೆ ಮೊದಲು ಹೊಳೆಯುವುದೇ ಪಾಠ ಮಾಡುವ ಕೆಲಸ. ರಂಗನಾಥನ್ ಅದನ್ನೇ ಆರಿಸಿಕೊಂಡರು, ಉಗ್ಗನ್ನೂ ಹತೋಟಿಗೆ ತಂದುಕೊಂಡರು. ಮೊದಲ ಕೆಲಸ ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇವತ್ತು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರ ಎದುರಿಗಿರುವ ವಿಶ್ವವಿದ್ಯಾಲಯ ಕಾಲೇಜೇ ಅಂದಿನ ಸರ್ಕಾರಿ ಕಾಲೇಜು. 1917ರಲ್ಲಿ ಇಪ್ಪತ್ತೈದರ ಯುವಕ ಅಲ್ಲಿಗೆ ಗಣಿತದ ಮೇಷ್ಟ್ರಾಗಿ ಬಂದರು. ಆಮೇಲೆ ಕೊಯಮತ್ತೂರು, 1921ರ ಹೊತ್ತಿಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಮಾಡುವುದೆಂದರೆ ಅವರಿಗೆ ಪ್ರಾಣ. ನೋಟ್ಸ್ ಬರೆಸಿ ಕೈತೊಳೆದುಕೊಳ್ಳದೆ ಹುಡುಗರನ್ನೇ ಪ್ರಶ್ನೆ ಕೇಳಿ ಮಾತಾಡಿಸಿ ಕಲಿಸುವ ಪದ್ಧತಿ. ಕಷ್ಟವಿದ್ದುದು ಸಂಬಳದಲ್ಲಿ. ಮೇಷ್ಟ್ರ ಸಂಬಳ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಶಿಕ್ಷಕರ ಸಂಘದಲ್ಲಿ ಅವರು ಓಡಾಡಿದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ. ವರ್ಷಕ್ಕೆ ಹತ್ತು ತಿಂಗಳ ಗೌರವಧನಕ್ಕೆ, ಅದೂ ಮೂರು ತಿಂಗಳಿಗೊಮ್ಮೆ ಕೈಗೆ ಬಂದರೆ ಪುಣ್ಯ ಎಂಬಂತೆ ದುಡಿಯುವ ಅತಿಥಿ ಉಪನ್ಯಾಸಕರನ್ನು ಬಲ್ಲವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ.

1923ರಲ್ಲಿ ಮದರಾಸು ವಿಶ್ವವಿದ್ಯಾಲಯ ಲೈಬ್ರರಿಯನ್ ಹುದ್ದೆಯೊಂದನ್ನು ಸೃಷ್ಟಿಸಿತು. ಸಂಬಳ ಮೇಷ್ಟ್ರ ಸಂಬಳಕ್ಕಿಂತ ಮೇಲು. ಸುಮಾರು 900 ಅರ್ಜಿಗಳು ಬಂದವು. ಅಷ್ಟು ಜನರಲ್ಲಿ ಒಬ್ಬರಿಗೂ ಲೈಬ್ರರಿ ನಡೆಸುವ ತರಬೇತಿ ಇರಲಿಲ್ಲ. ನಮ್ಮ ಗಣಿತದ ಮೇಷ್ಟ್ರಿಗೂ ಇರಲಿಲ್ಲ. ಅರ್ಜಿ ಹಾಕಿದ್ದನ್ನೇ ಅವರು ಮರೆತುಬಿಟ್ಟಿದ್ದರಂತೆ. ಸಂದರ್ಶನಕ್ಕೆ ಕರೆ ಬಂದ ಮೇಲೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಲೈಬ್ರರಿ ಕುರಿತ ಲೇಖನವನ್ನು ಓದಿಕೊಂಡು ಹೋದರು. ಪರೀಕ್ಷೆಯ ಹಿಂದಿನ ದಿನ ಗೈಡ್ ಓದುವ ನಮಗೆ ಸಮಾಧಾನ ಕೊಡುವ ಸಂಗತಿ! ಗಣಿತದ ಬಗ್ಗೆ ಬರೆದಿದ್ದ ಕೆಲವು ಪ್ರಬಂಧಗಳು ಸಂಶೋಧನೆಯ ಅನುಭವ ಎಂದು ಲೆಕ್ಕಕ್ಕೆ ಬಂದವು. ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಮಾಡಲು ಕೆಲಸವೇ ಇಲ್ಲ. ಕೊಠಡಿ ಇದೆ, ಪುಸ್ತಕ ಇದೆ, ಓದುವವರಿಲ್ಲ. ನಿನ್ನೆಯವರೆಗೆ ತರಗತಿ ತುಂಬ ಹುಡುಗರ ನಡುವೆ ಇದ್ದವರಿಗೆ ಈಗ ಬೆಳಗಿನಿಂದ ಸಂಜೆಯವರೆಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಜಾಸ್ತಿ ಸಂಬಳ, ದೊಡ್ಡ ಹುದ್ದೆ ಎಲ್ಲವೂ ಬೇಸರದ ಮುಂದೆ ಸೋತವು. ವಿಶ್ವವಿದ್ಯಾಲಯದವರ ಬಳಿ ಹೋಗಿ ಹಳೆಯ ಕೆಲಸ ವಾಪಸ್ ಕೊಡಿಸಿ ಎಂದು ಕೇಳಿಕೊಂಡರು. ಕೊನೆಗೆ ಒಂದು ರಾಜಿಯಾಯಿತು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿ, ಓದಿಕೊಂಡು ಬನ್ನಿ. ಬಂದ ಮೇಲೂ ಬೇಡವೆನಿಸಿದರೆ ಗಣಿತದ ಪೀಠ ನಿಮ್ಮದೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ತೆಗೆದ ಅಂಕಗಳು ಸರಾಸರಿಗಿಂತ ಸ್ವಲ್ಪ ಮೇಲೆ, ಅಷ್ಟೇ. ತರಗತಿಗಿಂತ ಹೆಚ್ಚು ಕಲಿಸಿದ್ದು ತಿರುಗಾಟ. ಕ್ರಾಯ್ಡನ್‌ನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥ, ಅವರ ಗುರುವೂ ಆಗಿದ್ದ ಬರ್ವಿಕ್ ಸೇಯರ್ಸ್ ಅವರಿಗೆ ದಾರಿ ತೋರಿಸಿದರು. ಊರೂರಿನ ಲೈಬ್ರರಿಗಳಲ್ಲಿ ಕಾರ್ಮಿಕರು, ಹೆಂಗಸರು, ಮಕ್ಕಳು ಬಂದು ಕೂತು ಓದುವುದನ್ನು ಕಂಡರು. ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿ ಇರಬೇಕಾಗಿಲ್ಲ, ಓದುಗರೇ ಕಪಾಟಿನ ನಡುವೆ ಓಡಾಡಿ ಆರಿಸಿಕೊಳ್ಳಬಹುದು ಎಂಬುದು ಅವರಿಗೆ ಕಣ್ಣಾರೆ ಕಂಡ ಸತ್ಯವಾಯಿತು. ಹಾಗೆಯೇ ಪುಸ್ತಕ ಜೋಡಿಸುವ ಪದ್ಧತಿಗಳ ಕೊರತೆಯೂ ಕಂಡಿತು. ಡ್ಯೂಯಿ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಕಟ್ಟಿಟ್ಟ ಗೂಡು. ಎರಡು ಮೂರು ವಿಷಯ ಬೆರೆತ ಪುಸ್ತಕ ಬಂದರೆ ಅದನ್ನು ಯಾವ ಗೂಡಿಗೆ ಹಾಕುವುದು?

ಉತ್ತರ ಸಿಕ್ಕಿದ್ದು ಆಟಿಕೆ ಅಂಗಡಿಯಲ್ಲಿ. ಲಂಡನ್ನಿನ ಸೆಲ್ಫ್ರಿಜಸ್ ಮಳಿಗೆಯಲ್ಲಿ ಮೆಕಾನೊ ಎಂಬ ಆಟಿಕೆಯನ್ನು ಪ್ರದರ್ಶನಕ್ಕಿಟ್ಟಿದ್ದರು. ತೂತುಳ್ಳ ಲೋಹದ ಪಟ್ಟಿಗಳು, ನಟ್ಟು, ಬೋಲ್ಟು. ಅವನ್ನೇ ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಕ್ರೇನ್, ಇನ್ನೊಮ್ಮೆ ಗಾಡಿ. ಗಣಿತದ ತಲೆಗೆ ತಟ್ಟನೆ ಹೊಳೆಯಿತು. ವಿಷಯಕ್ಕೆ ಗೂಡು ಕಟ್ಟುವ ಬದಲು ವಿಷಯವನ್ನು ಬಿಡಿಭಾಗಗಳಾಗಿ ಬಿಡಿಸಿಟ್ಟುಕೊಂಡು, ಪುಸ್ತಕಕ್ಕೆ ತಕ್ಕಂತೆ ಜೋಡಿಸಿದರೆ ಆಯಿತಲ್ಲ. ಆ ಬಿಡಿಭಾಗಗಳನ್ನು ಜೋಡಿಸುವ ನಟ್ಟುಬೋಲ್ಟಾಗಿ ಬಂದದ್ದು ಎರಡು ಚುಕ್ಕಿಯ ಕೋಲನ್ ಚಿಹ್ನೆ. ಕೋಲನ್ ವರ್ಗೀಕರಣ ಹುಟ್ಟಿದ್ದು ಹೀಗೆ. 1925ರಲ್ಲಿ ಹಡಗಿನಲ್ಲಿ ಊರಿಗೆ ಮರಳುವಾಗ ಆ ಹಡಗಿನ ಪುಟ್ಟ ಲೈಬ್ರರಿಯ ಪುಸ್ತಕಗಳ ಮೇಲೇ ಅದನ್ನು ಪ್ರಯೋಗ ಮಾಡಿ ನೋಡಿದರು. ಗಣಿತದ ಪೀಠದ ಮಾತು ಆಮೇಲೆ ಬರಲಿಲ್ಲ.

ಮುಂದಿನ 20 ವರ್ಷ ಮದರಾಸು ವಿಶ್ವವಿದ್ಯಾಲಯದ ಲೈಬ್ರರಿಯೇ ಅವರ ಮನೆ. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಲೈಬ್ರರಿ ತೆರೆದಿರುವ ಸಮಯ ಹೆಚ್ಚಿಸಿದರು, ಬಂದವರಿಗೆ ಬೇಕಾದ ಪುಸ್ತಕ ಹುಡುಕಿಕೊಡಲೆಂದೇ ಸಿಬ್ಬಂದಿಯನ್ನು ನಿಲ್ಲಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಕಟ್ಟಿದರು. ಅದರ ಮರುವರ್ಷದಿಂದಲೇ ಲೈಬ್ರರಿಯನ್ನರಿಗೆ ತರಬೇತಿಯೂ ಶುರುವಾಯಿತು. 1931ರಲ್ಲಿ ಮನ್ನಾರ್‌ಗುಡಿ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತೆಂದರೆ ಅದರ ಹಿಂದೆಯೂ ಈ ಚಳವಳಿಯ ಗಾಳಿ ಇತ್ತು.

ಪಂಚಸೂತ್ರಗಳ ಕಥೆ ಕೇಳಿ. 1928ರ ಒಂದು ಸಂಜೆ ರಂಗನಾಥನ್ ತಲೆ ಕೆಡಿಸಿಕೊಂಡು ಕೂತಿದ್ದರು. ಲೈಬ್ರರಿಯಲ್ಲಿ ಮಾಡುವ ನೂರಾರು ಸಣ್ಣ ಕೆಲಸಗಳಿಗೆಲ್ಲ ತಳಹದಿಯಾದ ಕೆಲವೇ ನಿಯಮಗಳು ಇರಲೇಬೇಕು, ಗಣಿತದಲ್ಲಿ ಇರುವ ಹಾಗೆ. ಏನವು? ಅಷ್ಟರಲ್ಲಿ ಹಳೆಯ ಮೇಷ್ಟ್ರು ರಾಸ್ ಬಂದರು. ಶಿಷ್ಯನ ಗೋಳು ಕೇಳಿ, ಪುಸ್ತಕ ಇರುವುದೇ ಬಳಸುವುದಕ್ಕಲ್ಲವೇ ಎಂಬ ಅರ್ಥದ ಒಂದು ಮಾತು ಹೇಳಿ ಹೊರಟುಹೋದರು. ಅದು ಮೊದಲ ಸೂತ್ರವಾಯಿತು. ಅದರ ಬೆನ್ನಿಗೇ ಉಳಿದ ನಾಲ್ಕು ಬಿಚ್ಚಿಕೊಂಡವು. ಓದುಗನಿಗೆ ಅವನಿಗೆ ಬೇಕಾದದ್ದು ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದನ್ನು ಓದುವವರು ಸಿಗಬೇಕು, ಬಂದವರ ಹೊತ್ತು ಹಾಳಾಗಬಾರದು, ಲೈಬ್ರರಿ ಬೆಳೆಯುತ್ತಲೇ ಇರುವ ಜೀವಿ ಎಂಬುದನ್ನು ಮರೆಯಬಾರದು. 1931ರಲ್ಲಿ ಪುಸ್ತಕ ಬಂತು. ಮೊದಲ ಸೂತ್ರ ನಮಗೆ ಪರೀಕ್ಷೆಗೆ ಬರುತ್ತದೆ. ಆದರೂ ಕಳೆದುಹೋದ ಪುಸ್ತಕದ ಬೆಲೆಯನ್ನು ನಿವೃತ್ತಿಯ ದಿನ ಲೈಬ್ರರಿಯನ್ನರಿಂದ ವಸೂಲಿ ಮಾಡುವ ಭಯ ಇರುವ ಕಡೆ ಬೀರುವಿನ ಬೀಗ ತೆಗೆಯಲು ಯಾರಿಗೆ ತಾನೇ ಧೈರ್ಯ ಬಂದೀತು? ನಾನು ಓದಿದ ಒಂದು ಕಾಲೇಜಿನಲ್ಲಿ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕಿಂಡಿಯೊಳಗೆ ತೂರಿಸಬೇಕಿತ್ತು. ಮೇಡಂ ಮೇಲೆ ಆಗ ಸಿಟ್ಟು ಬರುತ್ತಿತ್ತು. ಪರೀಕ್ಷೆಯ ಮೇಲ್ವಿಚಾರಣೆ, ಸ್ಕಾಲರ್‌ಶಿಪ್ ಅರ್ಜಿ, ನ್ಯಾಕ್ ಕಡತ ಎಲ್ಲವನ್ನೂ ಲೈಬ್ರರಿಯಲ್ಲಿ ಏನು ಕೆಲಸವಿದೆ ಎಂದು ಅವರ ಮೇಜಿಗೇ ತಳ್ಳುತ್ತಿದ್ದುದು ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ರಂಗನಾಥನ್ ದಿನಕ್ಕೆ 13 ಗಂಟೆ, ವಾರಕ್ಕೆ ಏಳೂ ದಿನ ದುಡಿದರು, ರಜೆಯನ್ನೇ ಹಾಕಲಿಲ್ಲ ಎಂದು ಹೆಮ್ಮೆಯಿಂದ ಹೇಳುವುದುಂಟು. ಮೊದಲ ಪತ್ನಿ ರುಕ್ಮಿಣಿ ಮದರಾಸಿನ ದೇವಸ್ಥಾನದ ಕೊಳದಲ್ಲಿ ಅವಘಡಕ್ಕೆ ಸಿಕ್ಕಿ 1928ರಲ್ಲಿ ತೀರಿಕೊಂಡರು. ಆಮೇಲೆ ಶಾರದಾ ಅವರನ್ನು ಮದುವೆಯಾದ ದಿನವೇ, ಶಾಸ್ತ್ರ ಮುಗಿಯುತ್ತಲೇ ರಂಗನಾಥನ್ ಲೈಬ್ರರಿಗೆ ಹೋದರಂತೆ. ಈ ಸಂಗತಿಯನ್ನು ನಮ್ಮ ಭಾಷಣಕಾರರು ಆದರ್ಶವೆಂದು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಕಾಯುತ್ತಿದ್ದವರ ದಿನ ಹೇಗಿತ್ತು ಎಂದು ಯಾರೂ ಬರೆದಿಡಲಿಲ್ಲ. ಮೇಲಾಗಿ, ಒಬ್ಬರ ಹಟವನ್ನೇ ಅಳತೆಗೋಲು ಮಾಡಿಕೊಂಡು ಉಳಿದವರಿಂದಲೂ ರಜೆಯಿಲ್ಲದ ದುಡಿಮೆ ಕೇಳುವ ಆಡಳಿತಗಳಿಗೆ ಇಂಥ ಕಥೆಗಳು ಬಹಳ ಅನುಕೂಲ.

ಅಷ್ಟು ದುಡಿದದ್ದಕ್ಕೆ ಸಿಕ್ಕಿದ್ದೇನು? ಹೊಸ ಕುಲಪತಿಯೊಂದಿಗೆ ಹೊಂದಾಣಿಕೆಯಾಗದೆ 1940ರ ದಶಕದ ನಡುವೆ ಮದರಾಸಿನ ಕೆಲಸವನ್ನೇ ಬಿಟ್ಟು ಹೊರಬಂದರು. ವಯಸ್ಸು ಐವತ್ತು ದಾಟಿತ್ತು. ಇನ್ನು ಮನೆಯಲ್ಲಿ ಕೂತು ಬರೆಯುವುದು ಎಂದುಕೊಳ್ಳುವಾಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದ ಕರೆ ಬಂತು. ಅಲ್ಲಿ ಎಸ್. ರಾಧಾಕೃಷ್ಣನ್ ಕುಲಪತಿ. 1945ರಿಂದ ಎರಡು ವರ್ಷಗಳಲ್ಲಿ ಅಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಸ್ವತಃ ವರ್ಗೀಕರಿಸಿದರು. ಒಂದು ಸಣ್ಣ ಲೈಬ್ರರಿಯಲ್ಲಿ ತರಬೇತಿಗೆಂದು ದಿನಕ್ಕೆ ಮೂವತ್ತು ಪುಸ್ತಕಕ್ಕೆ ನಂಬರ್ ಹಾಕುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಆ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ನನಗೆ ಒಂಬತ್ತು ವರ್ಷವೇ ಬೇಕು.

ಅಲ್ಲಿಂದ 1947ರಲ್ಲಿ ದೆಹಲಿ ವಿಶ್ವವಿದ್ಯಾಲಯ. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಅದರ ಹಿಂದೆ ಅವರ ವರ್ಷಗಳ ಓಡಾಟವಿತ್ತು. ಆಮೇಲೆ ಸ್ವಲ್ಪ ಕಾಲ ಜ್ಯೂರಿಕ್. 1957ರಲ್ಲಿ ಪದ್ಮಶ್ರೀ.

ಅದೇ 1957ರಲ್ಲಿ ಯುಜಿಸಿ ಒಂದು ಗ್ರಂಥಾಲಯ ಸಮಿತಿ ಮಾಡಿ ಅವರನ್ನು ಅಧ್ಯಕ್ಷರನ್ನಾಗಿಸಿತು. ಪ್ರಶಸ್ತಿಗಳಿಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಲೈಬ್ರರಿ ಸಿಬ್ಬಂದಿಯ ಸ್ಥಾನಮಾನ, ಸಂಬಳ ಪಾಠ ಮಾಡುವವರಿಗೆ ಸಮನಾಗಿರಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಇಂದು ಕಾಲೇಜಿನ ಗ್ರಂಥಪಾಲಕರು ಯುಜಿಸಿ ವೇತನಶ್ರೇಣಿ ಪಡೆಯುತ್ತಿದ್ದರೆ ಅದರ ಬೇರು ಅಲ್ಲಿದೆ. ಸಿಬ್ಬಂದಿ ಕೊಠಡಿಯಲ್ಲಿ ಲೈಬ್ರರಿಯವರನ್ನು ಬೀಗದ ಕೈ ಇಟ್ಟುಕೊಂಡವರು ಎಂದಷ್ಟೇ ನೋಡುವ ಕಣ್ಣು ಮಾತ್ರ ಸಮಿತಿಯ ವರದಿಯಿಂದ ಬದಲಾಗುವಂಥದ್ದಲ್ಲ. ಪಾಠದ ಮೇಷ್ಟ್ರೂ ಲೈಬ್ರರಿಯನ್ನೂ ಎರಡೂ ಆಗಿದ್ದ ಮನುಷ್ಯನಿಗೆ ಆ ಎರಡು ಕುರ್ಚಿಗಳ ಎತ್ತರದ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದರು. ಮೈಸೂರು ರಸ್ತೆಯಲ್ಲಿ ಅದು ಈಗಲೂ ಇದೆ, ನಮ್ಮ ಶಾಖೆಯ ಎಷ್ಟೋ ವಿದ್ಯಾರ್ಥಿಗಳ ಕನಸು ಅಲ್ಲಿ ಸೀಟು ಪಡೆಯುವುದು. 1965ರಲ್ಲಿ ನಮ್ಮ ರಾಜ್ಯಕ್ಕೂ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುವುದು ಆ ಕಾಯ್ದೆಯಿಂದ. ಅದೇ ವರ್ಷ ಅವರು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. ಬಿಟ್ಟು ಬಂದ ಗಣಿತವನ್ನು ಮರೆತಿರಲಿಲ್ಲ, 1967ರಲ್ಲಿ ಗಣಿತಜ್ಞ ರಾಮಾನುಜನ್ ಬಗ್ಗೆ ಒಂದು ಪುಸ್ತಕ ಬರೆದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಸಂಬಳ ಸಾಲದೆಂದು ಲೈಬ್ರರಿಗೆ ಬಂದ ಮೇಷ್ಟ್ರು ಜೀವಮಾನವಿಡೀ ಉಳಿಸಿದ ಒಂದು ಲಕ್ಷ ರೂಪಾಯಿಯನ್ನು 1950ರ ದಶಕದಲ್ಲೇ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಮನಸ್ತಾಪದಿಂದ ಬಿಟ್ಟು ಬಂದಿದ್ದ ಅದೇ ವಿಶ್ವವಿದ್ಯಾಲಯಕ್ಕೆ, ಗ್ರಂಥಾಲಯ ವಿಜ್ಞಾನದ ಒಂದು ಪೀಠ ಸ್ಥಾಪಿಸಲೆಂದು. ಪೀಠಕ್ಕೆ ಇಟ್ಟ ಹೆಸರು ಶಾರದಾ ರಂಗನಾಥನ್.