ಹುಲ್ಲು ಮೈದಾನಕ್ಕೊಪ್ಪುವ ‘ಪುಷ್ಪಕ’ ಕೊಟ್ಟ ಘಾಟಗೆ

ಭಾರತದ ಮೊದಲ ತಲೆಮಾರಿನ ವಿಮಾನ ವಿನ್ಯಾಸಕಾರರಲ್ಲಿ ಅಗ್ರಗಣ್ಯರಾದ ಡಾ. ವಿಷ್ಣು ಮಾಧವ ಘಾಟಗೆ ಅವರ ಹೆಸರು ಬೆಂಗಳೂರಿನ ಎಚ್‌ಎಎಲ್ ಇತಿಹಾಸದೊಂದಿಗೆ ಬೆಸೆದುಕೊಂಡಿದೆ. ಯುದ್ಧವಿಮಾನಗಳ ಅಬ್ಬರದಲ್ಲಿ ಅವರ ಒಂದು ಸಾಧನೆ ಮಾತ್ರ ಬಹುತೇಕ ಮರೆಯಾಗಿದೆ. ಸಾಧಾರಣ ಫ್ಲೈಯಿಂಗ್ ಕ್ಲಬ್ಬೊಂದರ ಹಣಕ್ಕೆ ಎಟಕುವ, ಕಾಂಕ್ರೀಟ್ ಇಲ್ಲದ ಚಿಕ್ಕ ಮೈದಾನದಲ್ಲೂ ಏರಿ ಇಳಿಯಬಲ್ಲ ಪುಟ್ಟ ವಿಮಾನವನ್ನು ದೇಶಕ್ಕೆ ಕೊಟ್ಟವರು ಅವರು.

ಘಾಟಗೆ ಜನಿಸಿದ್ದು 1908ರ ಅಕ್ಟೋಬರ್ 24ರಂದು, ಬೆಳಗಾವಿ ಜಿಲ್ಲೆಯ ಸಂಕೇಶ್ವರಕ್ಕೆ ಸಮೀಪದ ಗಡಹಿಂಗ್ಲಜ ಭಾಗದ ಹಸೂರಚಂಪು ಗ್ರಾಮದಲ್ಲಿ. ಮುಂಬಯಿಯಲ್ಲಿ ವಿಜ್ಞಾನ ಓದಿ ಜರ್ಮನಿಗೆ ತೆರಳಿದ ಅವರು, ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಆಧುನಿಕ ವಾಯುಗತಿ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪಡೆದರು. ಆಗ ಭಾರತದಲ್ಲಿ ವಿಮಾನ ತಯಾರಿಸುವ ಒಂದೇ ಒಂದು ಕಾರ್ಖಾನೆಯೂ ಇರಲಿಲ್ಲ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದಾಗ ಪರಿಸ್ಥಿತಿ ಬದಲಾಯಿತು. ಘಾಟಗೆ ಅಲ್ಲಿ ಸೇರಿ, ಯುದ್ಧಕಾಲದಲ್ಲಿ ಹತ್ತು ಆಸನಗಳ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅಲ್ಲಿಯೂ ಹೊಣೆ ಹೊತ್ತರು. ವಿಮಾನದ ಜೊತೆಗೆ ಅದನ್ನು ಕಟ್ಟುವವರನ್ನೂ ತಯಾರು ಮಾಡಬೇಕಾದ ಕಾಲವದು.

ಸ್ವಾತಂತ್ರ್ಯಾನಂತರ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಬಾರಿಗೆ ಹಾರಿತು. ವಾಯುಪಡೆಯ ಅನೇಕ ಪೈಲಟ್‌ಗಳು ಇದರಲ್ಲೇ ಹಾರಾಟದ ಓನಾಮ ಕಲಿತರು. ಘಾನಾ ದೇಶಕ್ಕೂ 12 ವಿಮಾನಗಳು ರವಾನೆಯಾದವು. ಆದರೆ 155 ಅಶ್ವಶಕ್ತಿಯ, ಲೋಹದ ಮೈಯ ಈ ವಿಮಾನ ಸೇನೆಯ ಅಗತ್ಯಕ್ಕೆ ತಕ್ಕುದಾಗಿತ್ತೇ ಹೊರತು ಬಡ ಕ್ಲಬ್ಬುಗಳ ಜೇಬಿಗಲ್ಲ.

ಆ ಕೊರತೆಗೆ ಉತ್ತರವಾಗಿ ಬಂದದ್ದು ‘ಪುಷ್ಪಕ’. 1958ರ ಸೆಪ್ಟೆಂಬರ್ 28ರಂದು ಹಾರಿದ ಇದರಲ್ಲಿ ಅಕ್ಕಪಕ್ಕ ಎರಡು ಆಸನ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಜನ ಮತ್ತು ಇಂಧನ ಸೇರಿ ಒಟ್ಟು ತೂಕ ಸುಮಾರು 600 ಕಿಲೋ. ಅಮೆರಿಕದ ‘ಏರೋಂಕಾ ಚೀಫ್’ ವಿಮಾನವನ್ನು ಇದು ಬಹುವಾಗಿ ಹೋಲುತ್ತಿತ್ತು. ಸ್ವದೇಶಿ ಎಂಬ ಅಭಿಮಾನಕ್ಕೆ ಇದು ಕೊಂಚ ಮುಜುಗರದ ಸಂಗತಿಯಾದರೂ, ಪರೀಕ್ಷಿತ ಮಾದರಿಯ ಜಾಡು ಹಿಡಿದದ್ದರಿಂದ ಸಮಯ, ಖರ್ಚು ಎರಡೂ ಉಳಿಯುವಂತಿತ್ತು.

ಹುಲ್ಲಿನ ಮೈದಾನದ ಕಷ್ಟ ಬೇರೆ. ಒದ್ದೆ ಹುಲ್ಲು ಚಕ್ರಗಳನ್ನು ಹಿಡಿದೆಳೆಯುತ್ತದೆ. ಏರಲು ಬೇಕಾದ ಓಟ ಉದ್ದವಾಗುತ್ತದೆ. ಗುಂಡಿ, ಕಲ್ಲುಗಳು ಪ್ರೊಪೆಲ್ಲರ್‌ಗೆ ಅಪಾಯ ತರುತ್ತವೆ. ಪುಷ್ಪಕದ ರಚನೆಯಲ್ಲೇ ಇದಕ್ಕೆ ಪರಿಹಾರವಿತ್ತು. ಕಡಿಮೆ ತೂಕಕ್ಕೆ ಸುಮಾರು 11 ಮೀಟರ್ ಅಗಲದ ರೆಕ್ಕೆ ಇದ್ದುದರಿಂದ ವಿಮಾನ ಕಡಿಮೆ ವೇಗದಲ್ಲೇ ನೆಲ ಬಿಡುತ್ತಿತ್ತು. ರೆಕ್ಕೆ ಮೇಲ್ಭಾಗದಲ್ಲಿದ್ದುದರಿಂದ ಗಿಡಗಂಟಿಗೆ ತಾಗುತ್ತಿರಲಿಲ್ಲ. ಮೂರನೆಯ ಚಕ್ರ ಬಾಲದಲ್ಲಿದ್ದುದರಿಂದ ಮೂತಿ ಮೇಲೆದ್ದು ಪ್ರೊಪೆಲ್ಲರ್ ನೆಲದಿಂದ ದೂರ ಉಳಿಯುತ್ತಿತ್ತು. ಹೊದಿಕೆ ಹರಿದರೆ ತೇಪೆ ಹಾಕುವುದು ಲೋಹದ ತಗಡು ಬದಲಿಸುವುದಕ್ಕಿಂತ ಸುಲಭ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಬಾಲಚಕ್ರದ ವಿಮಾನವನ್ನು ನೆಲದ ಮೇಲೆ ನೇರವಾಗಿ ಓಡಿಸಲು ಹೆಚ್ಚು ಎಚ್ಚರ ಬೇಕು, ಬಟ್ಟೆಯ ಹೊದಿಕೆ ಬಿಸಿಲು ಮಳೆಗೆ ಬೇಗ ಸವೆಯುತ್ತದೆ, ಎಂಜಿನ್ ವಿದೇಶದ್ದು. ಆದರೂ ಸುಮಾರು 150 ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು.

ಅದೇ ವಿನ್ಯಾಸವನ್ನು ಹಿಗ್ಗಿಸಿ, 225 ಅಶ್ವಶಕ್ತಿಯ ಎಂಜಿನ್ ಅಳವಡಿಸಿದ ‘ಕೃಷಕ’ 1959ರಲ್ಲಿ ಹಾರಿತು. ಕ್ಲಬ್ಬಿಗೆಂದು ಆರಂಭವಾದ ಸರಳ ಚಿಂತನೆ ಹೀಗೆ ಸೇನೆಯ ವೀಕ್ಷಣಾ ಕಾರ್ಯಕ್ಕೂ ಒದಗಿ, ಹಳೆಯ ಆಸ್ಟರ್ ವಿಮಾನಗಳ ಸ್ಥಾನ ತುಂಬಿತು. 1964ರಲ್ಲಿ ‘ಕಿರಣ’ ಜೆಟ್ ತರಬೇತಿ ವಿಮಾನ ಹಾರುವ ಹೊತ್ತಿಗೆ ಘಾಟಗೆ ಬೆಳೆಸಿದ ವಿನ್ಯಾಸ ಪರಂಪರೆ ಬೇರು ಬಿಟ್ಟಿತ್ತು. ಮರುವರ್ಷ ಅವರಿಗೆ ಪದ್ಮಶ್ರೀ ಸಂದಿತು.

1991ರಲ್ಲಿ ಘಾಟಗೆ ನಿಧನರಾದರು. ಭಾರತೀಯ ವೈಮಾನಿಕ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದೆ. ಇರುವ ನೆಲ, ಇರುವ ಹಣ, ಇರುವ ಕೌಶಲ ಮೂರನ್ನೂ ಅಳೆದು ವಿಮಾನ ಕಟ್ಟಿದ ಅವರ ವಿವೇಕ, ಹೊಸ ವಿಮಾನದ ಆಯ್ಕೆಗೆ ಕೂರುವ ಯಾವ ಕ್ಲಬ್ಬಿಗಾದರೂ ಇಂದಿಗೂ ಪಾಠವೇ ಸರಿ.